ಅಂಬಿಗನ ಕೆಲಸ

ಕನ್ನಡಕದಂಗಡಿಯ ಅಕ್ಕ ಶನಿವಾರ ಸಂಜೆ ಶಟರ್ ಅರ್ಧ ಎಳೆದಳೆಂದರೆ, ಕಣ್ಣು ಪರೀಕ್ಷಿಸುವ ಮೇಜಿನ ಸುತ್ತ ಬೇರೆಯೇ ಲೋಕ. ಅಕ್ಕ ಕಥೆ ಹೇಳುತ್ತಾಳೆ. ಉಳಿದವರು, ಅಂದರೆ ದರ್ಜಿ, ಔಷಧಿ ಅಂಗಡಿಯವನು ಮತ್ತು ಶಾಲೆಯ ಮೇಷ್ಟ್ರು, ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ನಡೆಯುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಅಲ್ಲಿ ಹಳೆಯ ಕಟ್ಟಳೆಯೊಂದಿದೆ: ಕಥೆಯೊಳಗೆ ಯಾರನ್ನಾದರೂ ಮುಗಿಸಿದರೆ, ಸತ್ತವನ ಕೆಲಸ ಕೊಂದವನ ಹೆಗಲಿಗೆ. ಆ ಮೇಜಿಗೆ ತನ್ನ ಭಾವಮೈದನನ್ನು ಕರೆತಂದದ್ದು ದರ್ಜಿ. ತಂದು ಕೈ ಸುಟ್ಟುಕೊಂಡಿದ್ದ.

ಭಾವಮೈದ ಲಿಫ್ಟ್ ರಿಪೇರಿಯವನು. ಹೆಂಡತಿ ಬಿಟ್ಟುಹೋದ ಮೇಲೆ ಮನೆಗೆ ಬಂದು ಗೋಡೆ ನೋಡುತ್ತಾ ಕೂರುತ್ತಿದ್ದವನು, ಈ ಆಟಕ್ಕೆ ಮಾತ್ರ ತಲೆ ಬಾಚಿಕೊಂಡು ಹೊರಡುತ್ತಿದ್ದ. ಆದರೆ ಆಟಕ್ಕೆ ಕೂತರೆ ಮಹಾ ತರಲೆ. ಕಥೆಯೊಳಗಿನ ಸೇತುವೆಗೆ ಬೆಂಕಿಯಿಟ್ಟ. ಔಷಧಿ ಅಂಗಡಿಯವನ ಕುದುರೆಯನ್ನು ಅವನಿಗೇ ಹೇಳದೆ ಮಾರಿದ. ಇನ್ನೊಂದು ಸಲ ಹೀಗಾದರೆ ಒಂದೋ ಅವನಿರಬೇಕು, ಇಲ್ಲ ನಾವಿರಬೇಕು ಎಂದು ಔಷಧಿಯವನು ದರ್ಜಿಯ ಕಿವಿಯಲ್ಲಿ ಹೇಳಿಯೂ ಆಗಿತ್ತು. ಈ ಬಾಗಿಲೂ ಮುಚ್ಚಿದರೆ ಭಾವಮೈದನಿಗೆ ಮತ್ತೆ ಆ ಗೋಡೆಯೇ ಗತಿ ಎಂಬುದು ದರ್ಜಿಗೆ ಗೊತ್ತಿತ್ತು.

ಆ ಸಂಜೆ ಕಥೆ ನದಿಗೆ ಬಂದಿತ್ತು. ಯಾರನ್ನೂ ದಾಟಿಸದ ಮುಂಗೋಪಿ ಅಂಬಿಗನನ್ನು ಒಲಿಸಲು ಮೇಷ್ಟ್ರು ವಾರವಿಡೀ ಮಾತು ಕಟ್ಟಿಕೊಂಡು ಬಂದಿದ್ದರು. ಗಂಟಲು ಸರಿಮಾಡಿಕೊಂಡು "ಅಣ್ಣಾ" ಅನ್ನುವಷ್ಟರಲ್ಲಿ ಭಾವಮೈದ, ತಾನು ಅಂಬಿಗನನ್ನು ನೀರಿಗೆ ತಳ್ಳಿದೆನೆಂದು ದಾಳ ಉರುಳಿಸಿಯೇ ಬಿಟ್ಟ. ಹಾಳು ದಾಳವೂ ಅವನ ಕಡೆಗೇ ಬಿತ್ತು. ಮೇಷ್ಟ್ರ ಮುಖ ಬಾಡಿತು. ಔಷಧಿಯವನು ಎದ್ದು ಚೀಲ ಹೆಗಲಿಗೇರಿಸಿದ.

ಅಕ್ಕ ದನಿ ಏರಿಸಲಿಲ್ಲ. ಚಹಾ ಕುಡಿದು ಹೋಗು ಎಂದು ಔಷಧಿಯವನನ್ನು ತಡೆದು, ಲೋಟ ತೊಳೆಯುವ ನೆಪದಲ್ಲಿ ಭಾವಮೈದನನ್ನು ಗಾಜು ಉಜ್ಜುವ ಒಳಕೋಣೆಗೆ ಕರೆದಳು. ನಾಲ್ಕು ಜನರೆದುರು ಅವನ ಮಾನ ಕಳೆಯಲಿಲ್ಲವಲ್ಲ, ಅದಕ್ಕೇ ದರ್ಜಿ ಮನಸ್ಸಿನಲ್ಲೇ ಕೈಮುಗಿದ. ತಟ್ಟೆ ಹಿಡಿದು ತಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತ.

"ಅಂಬಿಗನನ್ನ ತಳ್ಳಿದ್ದಕ್ಕೆ ನಂಗೇನೂ ಬೇಜಾರಿಲ್ಲ," ಎಂದಳು ಅಕ್ಕ. "ಮೇಷ್ಟ್ರ ಬಾಯಿಂದ ಮಾತು ಕಿತ್ಕೊಂಡ್ಯಲ್ಲ, ಅದು ತಪ್ಪು. ಇನ್ನೊಂದ್ಸಲ ಹಾಗೆ ಮಾಡಿದ್ರೆ ಬರಬೇಡ ಅಂತ ನಾನೇ ಹೇಳ್ತೀನಿ."

ಅವನು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದ. "ಸುಮ್ನೆ ಕೂತ್ರೆ ನಾನಿದ್ದೀನಿ ಅನ್ನೋದೇ ಯಾರಿಗೂ ಗೊತ್ತಾಗಲ್ಲ ಅಕ್ಕ."

"ನಂಗೆ ಗೊತ್ತಾಗತ್ತೆ. ಅದನ್ನ ನೋಡ್ಕೊಳ್ಳೋದು ನನ್ನ ಕೆಲಸ, ನಿಂದಲ್ಲ."

ಹೊರಗೆ ಬಂದ ಅಕ್ಕ ಕಟ್ಟಳೆಯನ್ನು ಎಲ್ಲರಿಗೂ ನೆನಪಿಸಿದಳು. ಅಂಬಿಗ ಮುಳುಗಿದ, ದೋಣಿಯ ಹುಟ್ಟು ಈಗ ಭಾವಮೈದನ ಕೈಗೆ. ಅವನು ಒಪ್ಪದೆ ಯಾರೂ ದಾಟುವಂತಿಲ್ಲ. ಇಂಥ ತರಲೆಯ ಕೈಗೆ ಇಡೀ ದೋಣಿಯನ್ನೇ ಕೊಡುವುದೆಂದರೆ ಅಕ್ಕನ ಎದೆಗಾರಿಕೆ ಸಾಮಾನ್ಯದ್ದಲ್ಲ ಎಂದುಕೊಂಡ ದರ್ಜಿ.

ಭಾವಮೈದನ ಕೈ ಅಭ್ಯಾಸಬಲದಿಂದ ದಾಳದತ್ತ ಹೋಯಿತು. ಎತ್ತಿಕೊಂಡೂ ಬಿಟ್ಟ. ದೋಣಿ ಮುಳುಗಿಸಲು ಒಂದು ಸಲ ಉರುಳಿಸಿದರೆ ಸಾಕಿತ್ತು. ಆದರೆ ದಾಳವನ್ನು ಮೇಷ್ಟ್ರ ಮುಂದಿಟ್ಟ.

"ಮೇಷ್ಟ್ರೇ, ಅಂಬಿಗನಿಗೆ ಏನೋ ಹೇಳ್ಬೇಕು ಅಂತಿದ್ರಲ್ಲ, ಹೇಳಿ. ಈಗ ನಾನೇ ಅಂಬಿಗ."

ಮೇಷ್ಟ್ರು ಅಕ್ಕನನ್ನು ನೋಡಿದರು, ಅವನನ್ನು ನೋಡಿದರು, ಮತ್ತೆ "ಅಣ್ಣಾ" ಎಂದು ಮೊದಲಿನಿಂದ ಶುರುಮಾಡಿದರು. ಕಟ್ಟಿಕೊಂಡು ಬಂದ ಮಾತು ಸ್ವಲ್ಪ ಉದ್ದವೇ ಇತ್ತು. ಭಾವಮೈದ ಒಂದಕ್ಷರ ಅಡ್ಡ ಹಾಕದೆ ಕೊನೆಯವರೆಗೂ ಕೇಳಿದ. ಔಷಧಿಯವನು ಚೀಲ ಹೆಗಲಲ್ಲಿಟ್ಟುಕೊಂಡೇ ನಿಂತಿದ್ದ. ಅಂಬಿಗ ಅವನತ್ತ ತಿರುಗಿ, ಪಕ್ಕದ ಕುರ್ಚಿಯನ್ನು ಹಿಂದಕ್ಕೆಳೆದ.

"ದೋಣಿ ಹತ್ತಿ," ಎಂದ. "ಕುದುರೆ ಕಳ್ಕೊಂಡವರು ಮೊದಲು."