ಬೆನ್ನಿಯ ಚಮಕಿ ಕೋಟು

ನಾನು ಒಂದು ಕೋಟು. ಮೈತುಂಬ ಬಂಗಾರದ ಬಣ್ಣದ ಚಮಕಿ. ನೋಡಿದವರು ಏನು ಗತ್ತಪ್ಪಾ ಇದಕ್ಕೆ ಅನ್ನುತ್ತಾರೆ. ಅಯ್ಯೋ, ನನ್ನಷ್ಟು ಪುಕ್ಕಲು ಕೋಟು ಇಡೀ ಗದಗದಲ್ಲಿ ಇನ್ನೊಂದಿಲ್ಲ!

ನಾನು ಹುಟ್ಟಿದ್ದು ಬೆಟಗೇರಿಯ ಸುವಾರ್ತಮ್ಮನ ಹೊಲಿಗೆ ಮಶೀನಿನ ಮೇಲೆ. ಅವಳ ಗಂಡ ದೇವಪುತ್ರಪ್ಪನಿಗೆ ಗಿಟಾರಿನ ಹುಚ್ಚು. ಮಗಳು ಕರುಣಾ ಕೀಬೋರ್ಡು, ದೊಡ್ಡ ಮಗ ಜಯಕರ ಡ್ರಮ್ಮು. ಕೊನೆಯವನು ಬೆನ್ಯಾಮೀನ, ಮನೆಯವರ ಬಾಯಲ್ಲಿ ಬೆನ್ನಿ. ಹಾಡುವವನು ಅವನೇ. ಇಷ್ಟು ಜನ ಸೇರಿ 'ಮಿಂಚು ಫ್ಯಾಮಿಲಿ' ಅಂತ ಪಾಪ್ ಬ್ಯಾಂಡು ಕಟ್ಟಿದರು. ನಾನು ಬೆನ್ನಿಯ ಪಾಲಿಗೆ ಬಂದೆ. ಹೊಲಿಯುವಾಗ ಸುವಾರ್ತಮ್ಮ ನನ್ನ ಎರಡೂ ಪಕ್ಕಕ್ಕೆ ಒಳಗಡೆ ಬಟ್ಟೆ ಮಡಚಿ ಬಿಟ್ಟಳು. ಬೆಳೆಯುವ ಮಕ್ಕಳ ಬಟ್ಟೆಗೆ ಹಾಗೆ ಬಿಡುವುದೇ ಅಲ್ಲವೇ, ಮೈ ತುಂಬಿದಾಗ ಬಿಚ್ಚಿದರಾಯಿತು.

ಮೊದಮೊದಲು ಮದುವೆಮನೆ, ಶಾಲೆಯ ಗ್ಯಾದರಿಂಗು. ಆಮೇಲೆ ಕ್ಯಾಸೆಟ್ಟು ಬಂತು ನೋಡಿ, ನಸೀಬು ಖುಲಾಯಿಸಿತು! ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲೂ ಬೆನ್ನಿಯ ಎಳೆ ದನಿಯೇ. ಪೋಸ್ಟರಿನಲ್ಲಿ 'ಎಂಟು ವರ್ಷದ ಪೋರ' ಎಂದು ದಪ್ಪ ಅಕ್ಷರ. ಆ ಪೋರನನ್ನು ನೋಡಲೆಂದೇ ಜನ ಮುಗಿಬಿದ್ದರು. ದೇವಪುತ್ರಪ್ಪ ಮಿಲ್ಲಿನ ನೌಕರಿಗೆ ರಾಜೀನಾಮೆ ಕೊಟ್ಟ.

ನಾಲ್ಕು ವರ್ಷ ಕಳೆದರೂ ಪೋಸ್ಟರಿನಲ್ಲಿ ಬೆನ್ನಿಗೆ ಎಂಟೇ ವರ್ಷ. ನನ್ನೊಳಗೆ ಮಾತ್ರ ಅವನು ಬೆಳೆಯುತ್ತಲೇ ಇದ್ದ. ತೋಳು ಮೊಣಕೈಗೆ ಏರಿತು. ಅದು ಫ್ಯಾಶನ್ ಎಂದ ದೇವಪುತ್ರಪ್ಪ. ಗುಂಡಿ ಹಾಕಬೇಕಾದರೆ ಹುಡುಗ ಹೊಟ್ಟೆ ಒಳಗೆ ಎಳೆದುಕೊಳ್ಳಬೇಕು.

"ಪಕ್ಕ ಬಿಚ್ತೀನ್ರೀ, ಹುಡುಗಗ ಭಾಳ ಬಿಗಿ ಆಗೈತಿ," ಅಂದಳು ಸುವಾರ್ತಮ್ಮ.

"ಮುಟ್ಟಬ್ಯಾಡ! ಕೋಟು ದೊಡ್ಡದಾದ್ರ ಮಗ ದೊಡ್ಡಾವ ಕಾಣ್ತಾನ. ಆಮ್ಯಾಲೆ ಜನ ಯಾರನ್ನ ನೋಡಾಕ ಬರ್ತಾರ, ನಿನ್ನನ್ನ? ಮತ್ತ ಅವಗ ಒಂದ ರೊಟ್ಟಿ ಸಾಕು ಇನ್ನ."

ಅವನಿಗೂ ಹೆದರಿಕೆಯೇ ಪಾಪ, ಮಿಲ್ಲಿನವರು ಮತ್ತೆ ಕರೆಯುವುದಿಲ್ಲ. ಆದರೆ ನನ್ನ ಹೆದರಿಕೆ ಯಾರಿಗೆ ಹೇಳಲಿ? ಆ ಹುಡುಗನ ಪಕ್ಕೆಲುಬು ಒತ್ತುತ್ತಿದ್ದದ್ದು ನಾನು. ಅವನ ಎದೆ ಡವಡವ ಅನ್ನುವುದು ಮೊದಲು ಕೇಳುತ್ತಿದ್ದದ್ದು ನನಗೆ. ಇವನ ಉಸಿರು ನನ್ನಿಂದಲೇ ನಿಂತುಹೋದರೆ ಏನು ಗತಿ ಅಂತ ಒಳಗೊಳಗೇ ನಡುಗುತ್ತಿದ್ದೆ. ರೋಣದ ಸ್ಟೇಜಿನ ಮೇಲೆ ಅವನಿಗೆ ಕಣ್ಣು ಕತ್ತಲೆ ಬಂತು. ಲೈಟಿನ ಬಿಸಿ ಅಂದುಬಿಟ್ಟ ಅಪ್ಪ. ಪರದೆಯ ಹಿಂದೆ ಬೆನ್ನಿ ತಾಯಿಯ ಕಿವಿಯಲ್ಲಿ ಹೇಳಿದ:

"ಅವ್ವಾ, ಉಸುರು ಸಿಗವಲ್ದು. ಅಪ್ಪಗ ಹೇಳಬ್ಯಾಡ."

ಮುಂದಿನ ಶೋ ಹುಬ್ಬಳ್ಳಿಯಲ್ಲಿ, ದೊಡ್ಡ ಮೈದಾನ. ಹೊರಡುವ ದಿನ ಮಧ್ಯಾಹ್ನ ಸುವಾರ್ತಮ್ಮ ಬಾಗಿಲ ಚಿಲಕ ಹಾಕಿ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡಳು. ಎರಡೂ ಪಕ್ಕದ ಗಟ್ಟಿ ಹೊಲಿಗೆ ಬಿಚ್ಚಿ, ಅದೇ ಜಾಗದಲ್ಲಿ ಕೈಯಿಂದ ಕಚ್ಚಾ ಹೊಲಿಗೆ ಹಾಕಿದಳು. ಬೆರಳಿಂದ ಜಗ್ಗಿದರೆ ಸಾಕು, ಬಿಟ್ಟುಕೊಳ್ಳುವಂಥದ್ದು. ಹೊರಗಿನಿಂದ ಏನೂ ಗೊತ್ತಾಗದು. ಅಷ್ಟು ಜನರೆದುರು ನಾನು ಹರಿದರೆ ಇವರ ಅನ್ನಕ್ಕೇ ಕಲ್ಲು, ಹರಿಯದಿದ್ದರೆ ಹುಡುಗನ ಗತಿಯೇನು?

ರಾತ್ರಿ ಸ್ಟೇಜಿನ ಮೇಲೆ ಹಾಡು ಮೇಲಕ್ಕೇರುವ ಜಾಗ ಬಂತು. ಬೆನ್ನಿಯ ಮುಖ ಬೆಳ್ಳಗಾಯಿತು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಉಸಿರೆಳೆದ. ಪರ್ರ್ ಅಂತ ನನ್ನ ಎರಡೂ ಪಕ್ಕ ಬಾಯಿ ಬಿಟ್ಟವು. ಉಸಿರು ಒಳಗೆ ಹೋಯಿತು, ದೇವರೇ, ಪೂರ್ತಿ ಹೋಯಿತು! ಆದರೆ ಹೊರಗೆ ಬಂದದ್ದು ಒಡೆದ, ದಪ್ಪ ದನಿ. ಪೋರನದಲ್ಲ, ಗಂಡಸಾಗುತ್ತಿರುವವನದು. ಯಾರೋ ಸಿಳ್ಳೆ ಹೊಡೆದರು, ಎಲ್ಲರೂ ನಕ್ಕರು.

ದೇವಪುತ್ರಪ್ಪ ಗಿಟಾರು ಬಿಟ್ಟು ದಡದಡ ಬಂದ. ಹೊಡೆದೇಬಿಡುತ್ತಾನೆ ಅಂದುಕೊಂಡೆ. ಅವನ ಕೈ ನನ್ನ ಹರಿದ ಪಕ್ಕಕ್ಕೆ ತಾಗಿತು, ಅಂಗಿ ಸರಿಯಿತು. ನಾನು ಒತ್ತಿದ ಕಡೆಯೆಲ್ಲ ಹುಡುಗನ ಮೈಮೇಲೆ ಕೆಂಪು ಬಾಸುಂಡೆ. ಎತ್ತಿದ ಕೈ ಅಲ್ಲೇ ನಿಂತಿತು.

"ನಾನ ಬಿಚ್ಚೀನಿ," ಅಂದಳು ಪರದೆಯ ಪಕ್ಕದಿಂದ ಸುವಾರ್ತಮ್ಮ. ತಲೆ ತಗ್ಗಿಸಲಿಲ್ಲ.

ಬ್ಯಾಂಡು ಅಲ್ಲಿಗೆ ಮುಗಿಯಿತು. ದೇವಪುತ್ರಪ್ಪ ಕಟ್ಟಿಗೆ ಅಡ್ಡೆಯಲ್ಲಿ ಕೂಲಿಗೆ ಸೇರಿದ. ಹೆಂಡತಿಯ ಜೊತೆ ಎಷ್ಟೋ ದಿನ ಮಾತಾಡಲಿಲ್ಲ. ಅವಳು ಒಳಗಿನ ಬಟ್ಟೆ ಹಾಗೇ ಬಿಟ್ಟು ನನ್ನ ಪಕ್ಕ ಮತ್ತೆ ಹೊಲಿದು, ಡಾಂಬರು ಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟಳು. ಅಲ್ಲೇ ನನಗೆ ವಯಸ್ಸಾಯಿತು. ಅವಳು ತೀರಿಕೊಂಡ ಸುದ್ದಿಯೂ ಟ್ರಂಕಿನೊಳಗೇ ಕೇಳಿದೆ.

ಈ ಸಲದ ಕ್ರಿಸ್ಮಸ್ಸಿಗೆ ಮುಚ್ಚಳ ತೆರೆಯಿತು. ನೋಡಿದರೆ ಮುದುಕ ದೇವಪುತ್ರಪ್ಪನ ಕೈ! ನನ್ನ ಜೀವ ಬಾಯಿಗೆ ಬಂತು. ಬೆನ್ನಿಯ ಮಗಳು ಸ್ತುತಿ ಚರ್ಚಿನಲ್ಲಿ ಹಾಡುತ್ತಾಳಂತೆ. ನನ್ನನ್ನು ಅವಳಿಗೆ ತೊಡಿಸಿ ಗುಂಡಿ ಹಾಕಿದ. ಮತ್ತೆ ಮಗು, ಮತ್ತೆ ಸ್ಟೇಜು, ಅದೇ ಕೈ.

"ಚಂದ ಕೂತೈತಿ ಅಜ್ಜಾ," ಅಂದಳು ಹುಡುಗಿ.

ಅಜ್ಜ ನನ್ನ ಪಕ್ಕದೊಳಗೆ ಎರಡು ಬೆರಳು ತೂರಿಸಿದ. "ಉಸುರು ತಗೋ ನೋಡೂಣು. ಹಂಗಲ್ಲವಾ, ಹೊಟ್ಟಿ ತುಂಬ ತಗೋ."

ಅವಳು ತೆಗೆದುಕೊಂಡಳು. ಬೆರಳು ಸಿಕ್ಕಿಕೊಂಡವು. ಅವನು ಬೆರಳು ಹೊರಗೆಳೆದು, ಗುಂಡಿ ಬಿಚ್ಚಿ ನನ್ನನ್ನು ಕಳಚಿದ.

"ಬೆನ್ನೀ, ಕತ್ತರಿ ಕೊಡಪಾ," ಅಂದ ಪಕ್ಕದಲ್ಲೇ ನಿಂತಿದ್ದ ಮಗನಿಗೆ.

ಚಷ್ಮಾ ಏರಿಸಿಕೊಂಡು, ಹೆಂಡತಿಯ ಹೊಲಿಗೆಯನ್ನು ಒಂದೊಂದಾಗಿ ತಾನೇ ಬಿಚ್ಚಿದ. ಒಳಗೆ ಮಡಚಿದ್ದ ಬಟ್ಟೆ ಹೊರಬಂತು, ಬಣ್ಣ ಒಂದಿಷ್ಟೂ ಮಾಸಿರಲಿಲ್ಲ.

"ನಿಮ್ಮಜ್ಜಿ ಭಾಳ ಬಿಟ್ಟಾಳ," ಅಂದ ಮೊಮ್ಮಗಳಿಗೆ. ಕಣ್ಣು ಒರೆಸಿಕೊಂಡ.

ನನ್ನ ಹೆದರಿಕೆ ಹೋಯಿತು ಅಂದರೆ ಸುಳ್ಳಾದೀತು. ಸ್ತುತಿ ಹಾಡಲು ನಿಂತಾಗ ಈಗಲೂ ಚಮಕಿ ಚಮಕಿಯೂ ನಡುಗುತ್ತದೆ. ಆದರೆ ಅವಳು ಉಸಿರೆಳೆದಾಗ ಅವಳ ಪಕ್ಕೆಲುಬು ನನಗೆ ತಾಗುವುದಿಲ್ಲ.