ಹೊಸ್ತಿಲ ಮೇಲೆ ಮೂರು ಕ್ಲಿಕ್ಕು

ಅಕ್ಕ ಸೇತುವೆಗಳ ತಪಾಸಣೆ ಮಾಡುವವಳು. ನದಿಯ ಹಳೆಯ ಸೇತುವೆಯ ಮೂರನೆಯ ತೊಲೆಯ ಅಡಿಯಲ್ಲಿ ಬಿರುಕಿದೆ ಎಂದು ಅವಳು ವರದಿ ಬರೆದಿದ್ದಳು. ಅವಳ ಮೇಲಧಿಕಾರಿ ಎಂಜಿನಿಯರ್ ದಡದಲ್ಲಿ ನಿಂತು ದುರ್ಬೀನಿನಲ್ಲಿ ನೋಡಿ, "ಅದು ಕಾಂಕ್ರೀಟು ಹಾಕಿದಾಗ ಹಲಗೆ ಬಿಟ್ಟ ಗುರುತು ಕಣಮ್ಮ" ಎಂದು ನಕ್ಕುಬಿಟ್ಟಿದ್ದರು. ಸೋಮವಾರ ಆ ಸೇತುವೆಯನ್ನು ಭಾರಿ ಲಾರಿಗಳಿಗೆ ಬಿಡುವ ಕಾಗದಕ್ಕೆ ಸಹಿ ಬೀಳುವುದಿತ್ತು. ಅಷ್ಟರೊಳಗೆ ಆ ಗೆರೆ ಏನೆಂದು ತೋರಿಸುವ ಫೋಟೊ ಬೇಕು. ಅಕ್ಕನ ಕ್ಯಾಮೆರಾದ ಜೊತೆಗೆ ಬಂದಿದ್ದ ಲೆನ್ಸಿನಲ್ಲಿ ತೊಲೆ ಬೆಂಕಿಕಡ್ಡಿಯಷ್ಟು ಕಾಣುತ್ತಿತ್ತು. ದೂರದ್ದನ್ನು ಹತ್ತಿರ ತರುವ ಜೂಮ್ ಲೆನ್ಸು ಕೊಡಿಸಿ ಎಂದರೆ, ಕಚೇರಿಯವರು ಮುಂದಿನ ವರ್ಷ ನೋಡೋಣ ಎಂದಿದ್ದರು.

ಶನಿವಾರ ಅವಳೇ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಹೊರಟಳು. ನಾನೂ ಹೊರಟೆ. ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಬೆಳಕಿನ ಪಾಠ ಮಾಡುತ್ತಿರುವವನು ನಾನು. ಆರಿಸುವ ಕೆಲಸ ನನ್ನದೇ ಎಂದುಕೊಂಡು ಕಪ್ಪು ಬಿಳಿ ಗೆರೆಗಳ ಹಾಳೆಯೊಂದನ್ನು ಮುದ್ರಿಸಿಕೊಂಡು, ಹೆಗಲ ಮೇಲೆ ಟ್ರೈಪಾಡ್ ಹೊತ್ತಿದ್ದೆ.

ಅಂಗಡಿ ಒಬ್ಬರ ಹಿಂದೆ ಒಬ್ಬರು ನಿಲ್ಲುವಷ್ಟೇ ಅಗಲ. ಗಾಜಿನ ಕಪಾಟಿನಲ್ಲಿ ಪ್ರತಿ ಲೆನ್ಸಿನ ಕೆಳಗೂ ಯಜಮಾನರು ತಮ್ಮ ಕೈಬರಹದಲ್ಲಿ ಅದರ ದೋಷ ಬರೆದಿಟ್ಟಿದ್ದರು. 'ಒಳಗೆ ಧೂಳು.' 'ಉಂಗುರ ಬಿಗಿ.' 'ನೋಡೋಕೆ ಚೆಂದ, ಅಷ್ಟೇ.' ಅಕ್ಕನ ಕೈಗೆಟುಕುವ ಬೆಲೆಯದ್ದು ಒಂದೇ ಇತ್ತು: ಮುನ್ನೂರು ಮಿಲಿಮೀಟರಿನವರೆಗೆ ಜೂಮ್ ಆಗುವ, ಬಣ್ಣ ಕೆರೆದುಹೋದ ಲೆನ್ಸು. ಅದರ ಚೀಟಿಯಲ್ಲಿ 'ಧೂಳು ಇದೆ, ಮಿಕ್ಕಿದ್ದು ನೀವೇ ನೋಡಿ' ಎಂದಿತ್ತು.

"ಹೊಸ್ತಿಲ ಮೇಲೆ ನಿಂತು ಮೂರು ಕ್ಲಿಕ್ಕು. ನಾಲ್ಕನೇದು ಇಲ್ಲ," ಎಂದರು ಯಜಮಾನರು. "ಬಿಟ್ರೆ ಜನ ಇಡೀ ಮದುವೆ ಆಲ್ಬಮ್ಮೇ ಇಲ್ಲಿ ತೆಕ್ಕೊಂಡು ಹೋಗ್ತಾರೆ."

ನಾನು ಬೀದಿಯಾಚೆಯ ಗೋಡೆಗೆ ಹಾಳೆ ಅಂಟಿಸಿ, ಟ್ರೈಪಾಡ್ ಮೇಲೆ ಕ್ಯಾಮೆರಾ ಕೂರಿಸಿ, ಉಸಿರು ಬಿಗಿಹಿಡಿದು ಒತ್ತಿದೆ. ಗೆರೆಗಳೆಲ್ಲ ಕಲಸಿಹೋಗಿದ್ದವು.

"ಇದು ಬೇಡಕ್ಕ. ಲೆನ್ಸೇ ಕೆಟ್ಟಿದೆ."

ಅಕ್ಕ ಲೆನ್ಸಿನ ಪಕ್ಕದ ಪುಟ್ಟ ಗುಂಡಿಯನ್ನು ಬೆರಳಿಂದ ತೋರಿಸಿದಳು. "ಕೈ ನಡುಕ ತಡೆಯೋ ಸ್ವಿಚ್ಚು ಹಾಗೇ ಬಿಟ್ಟಿದೀಯಲ್ಲೋ. ನಡುಗದೇ ಇರೋ ಕಡೆ ಅದು ನಡುಕ ಹುಡುಕಿ ತಾನೇ ಅಲ್ಲಾಡುತ್ತೆ. ಹಳೇ ಲೆನ್ಸುಗಳ ಚಾಳಿ."

ಯಜಮಾನರು ಮೀಸೆಯೊಳಗೇ ನಕ್ಕರು. ನನ್ನ ಕಿವಿ ಬಿಸಿಯಾಯಿತು. "ಸರಿ, ಆಫ್ ಮಾಡಿ ಇನ್ನೊಂದು ತೆಗೀತೀನಿ."

"ಯಾಕೆ? ನಾನೇನು ನಿನ್ನ ಹಾಳೆ ಫೋಟೊ ತೆಗೆಯೋಕೆ ಹೋಗ್ತಿದೀನಾ ಪ್ರೊಫೆಸರೇ? ತೊಲೆಯ ಹೊಟ್ಟೆ ಕಾಣೋದು ನೀರಿನ ಮೇಲಿಂದ ಮಾತ್ರ. ದೋಣೀಲಿ ಈ ಮೂರು ಕಾಲು ಎಲ್ಲಿ ಊರ್ತೀಯ?"

ನಾನು ಕೇಳಬೇಕಾಗಿದ್ದ ಮೊದಲ ಪ್ರಶ್ನೆಯೇ ಅದು, ಕೇಳಿರಲಿಲ್ಲ.

ಮೂಲೆಯಲ್ಲಿದ್ದ ಸ್ಟೂಲಿನ ಒಂದು ಕಾಲು ಗಿಡ್ಡ. ಅದರಡಿ ಮಡಚಿಟ್ಟಿದ್ದ ರಟ್ಟನ್ನು ಅಕ್ಕ ಕಿತ್ತು ತೆಗೆದಳು. ಸ್ಟೂಲನ್ನು ಹೊಸ್ತಿಲಿಗೆ ತಂದು ಹತ್ತಿ ನಿಂತಳು.

"ಅಮ್ಮಾ, ಬಿದ್ದೀರಿ!" ಎಂದು ಯಜಮಾನರು ಓಡಿ ಬಂದರು.

"ಬೀಳೋ ಹಾಗಿದ್ರೇನೇ ಪರೀಕ್ಷೆ, ಯಜಮಾನ್ರೇ."

ಸ್ಟೂಲು ಟಕಟಕ ಎಂದು ಓಲಾಡುತ್ತಿತ್ತು. ಅವಳು ಸ್ವಿಚ್ಚನ್ನು ಆನ್ ಮಾಡಿಯೇ ಇಟ್ಟಳು. ಚಿತ್ರದಲ್ಲಿ ಮರಳಿನಂಥ ಕಾಳು ಬಂದರೂ ಬರಲಿ ಎಂದು ಕಡಿಮೆ ಬೆಳಕಲ್ಲೂ ಚಿತ್ರ ಹಿಡಿಯುವಂತೆ ಐಎಸ್ಒ ಅಂಕ ಏರಿಸಿ, ಶಟರ್ ವೇಗ ಹೆಚ್ಚಿಸಿದಳು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಪೂರ್ತಿ ಹೊರಬಿಟ್ಟು, ಸ್ಟೂಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುವ ಆ ಕ್ಷಣಾರ್ಧದ ನಿಲುಗಡೆಯಲ್ಲಿ ಒತ್ತಿದಳು. ತೂಗುವ ಲೋಲಕ ತುದಿಯಲ್ಲಿ ಕ್ಷಣ ನಿಲ್ಲುತ್ತದೆ ಎಂದು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಅದರ ಮೇಲೆ ನಿಂತು ಬಳಸಿದವರನ್ನು ಕಂಡದ್ದು ಅಂದೇ.

ಅವಳು ಗುರಿಯಿಟ್ಟಿದ್ದು ನನ್ನ ಹಾಳೆಗಲ್ಲ, ಎದುರಿನ ಮನೆಯ ಎರಡನೆಯ ಮಹಡಿಯ ಗೋಡೆಗೆ. ಪರದೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಸ್ಪಷ್ಟವಾಗಿ ಕಂಡಿತು.

"ಅಯ್ಯೋ, ಅದು ನಮ್ಮನೆ!" ಎಂದರು ಯಜಮಾನರು.

"ಗಾಬರಿಯಾಗ್ಬೇಡಿ, ಗಾರೆ ಅಷ್ಟೇ. ಸುಣ್ಣ ಹೊಡೆಸಿ. ಇದನ್ನ ಕಟ್ಟಿಕೊಡಿ."

"ಇನ್ನೂ ಒಂದು ಕ್ಲಿಕ್ ಉಳಿದಿದೆಯಲ್ಲಮ್ಮ?"

"ನಮ್ಮ ತಮ್ಮನ ಕಿವಿ ತೆಗೀಲಾ? ಕೆಂಪಗೆ ಚೆನ್ನಾಗಿವೆ."

ಭಾನುವಾರ ದೋಣಿಗೆ ಹುಟ್ಟು ಹಾಕಿದವನು ನಾನೇ. ಮೂರು ಗಂಟೆ ಕಾಲ ಸೇತುವೆಯ ನೆರಳಲ್ಲಿ ಅವಳು ಅಲೆಗಳ ನಡುವಿನ ನಿಲುಗಡೆಗಳಿಗೆ ಕಾಯುತ್ತ ನಿಂತಳು. ತೆಗೆದ ನಲವತ್ತರಲ್ಲಿ ಮೂರು ಚಿತ್ರ ಚೊಕ್ಕವಾಗಿ ಬಂದವು. ಹಲಗೆಯ ಗುರುತಾದರೆ ನೆಟ್ಟಗೆ ಹೋಗಬೇಕು. ಈ ಗೆರೆ ಕಾಂಕ್ರೀಟಿನ ಜಲ್ಲಿಕಲ್ಲುಗಳನ್ನು ಸುತ್ತಿಬಳಸಿ ಅಂಕುಡೊಂಕಾಗಿ ಹೋಗಿತ್ತು. ಒಳಗಿನ ಕಂಬಿಯ ತುಕ್ಕು ಕಂದು ಬಣ್ಣದಲ್ಲಿ ಜಿನುಗಿ ಒಣಗಿತ್ತು. ನನಗೆ ಖುಷಿಯಾಯಿತು. ಅಕ್ಕ ಮಾತ್ರ ಸಪ್ಪಗಾದಳು. "ಹಲಗೆ ಗುರುತೇ ಆಗಿದ್ರೆ ಚೆನ್ನಾಗಿತ್ತು ಕಣೋ," ಎಂದಳು.

ಸೋಮವಾರ ರಜೆ ಹಾಕಿ ಅವಳ ಜೊತೆ ಕಚೇರಿಗೆ ಹೋದೆ. ಎಂಜಿನಿಯರ್ ಮೂರೂ ಚಿತ್ರಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಕೊನೆಗೆ ಪೆನ್ನಿನ ಮುಚ್ಚಳ ಹಾಕಿ, ಸಹಿಯಾಗದ ಕಾಗದವನ್ನು ಪಕ್ಕಕ್ಕೆ ಸರಿಸಿದರು. "ಲಾರಿ ಬಿಡೋದು ಬೇಡ. ನಾನು ಅವತ್ತು ನಗಬಾರದಿತ್ತಮ್ಮ."

"ಅದಿರಲಿ ಸರ್. ಇನ್ನೂ ಹದಿಮೂರು ತೊಲೆ ಇವೆ. ಮಧ್ಯಾಹ್ನದಿಂದ ಶುರು ಮಾಡ್ತೀನಿ." ಅವಳು ನನ್ನ ಕಡೆ ತಿರುಗಿದಳು. "ಇಡೀ ದಿನದ ರಜೆ ತಾನೇ?"

ಅಂಗೈಯಲ್ಲಿ ಎದ್ದಿದ್ದ ಗುಳ್ಳೆಗಳನ್ನು ಜೇಬಿನೊಳಗೆ ಅಡಗಿಸಿಕೊಂಡು, ಹೌದು ಎಂದೆ.