ತೊಂಬತ್ತಾರು ಕುಣಿಕೆ

ಲೆಕ್ಕದಕ್ಕ ಮೂರನೇ ಸಲ ಎಣಿಸಿದಳು. ಮೂರನೇ ಸಲವೂ ತೊಂಬತ್ತಾರೇ ಬಂತು.

ಅದೇ ಅವಳನ್ನು ಕಂಗೆಡಿಸಿದ್ದು. ನಿನ್ನೆ ಸಂಜೆ ಐದಕ್ಕೆ ಕ್ರೋಶಾ ಕಡ್ಡಿ ಕೆಳಗಿಟ್ಟಾಗ, ಹುಟ್ಟಲಿರುವ ಮೊಮ್ಮಗುವಿಗೆಂದು ನೂಲಿನಿಂದ ಹೆಣೆಯುತ್ತಿದ್ದ ಹೊದಿಕೆಯ ಕೊನೆಯ ಸಾಲಿನಲ್ಲಿ ತೊಂಬತ್ತೊಂದೇ ಕುಣಿಕೆ ಇದ್ದವು. ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದೂ ಇಟ್ಟಿದ್ದಳು. ಹೊದಿಕೆ ಶುರುಮಾಡಿದ್ದು ತೊಂಬತ್ತಾರರಿಂದಲೇ, ನಿಜ. ದಿನವೂ ಹೆಣೆಯುತ್ತ ಹೋದಂತೆ ನಾಲ್ಕೋ ಐದೋ ಎಲ್ಲೋ ಉದುರಿಹೋಗುತ್ತಿದ್ದವು. ಮರುದಿನ ಊಟ ಮುಗಿಸಿ ಕೂತರೆ ಮತ್ತೆ ತೊಂಬತ್ತಾರು. ಉದುರಿದ್ದು ಹೇಗೆ ಎನ್ನುವುದೇ ಗೊತ್ತಿಲ್ಲ. ಇನ್ನು ವಾಪಸು ಬಂದದ್ದು ಹೇಗೆ?

ಬೇರೆ ಯಾರಿಗಾದರೂ ಹೀಗಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಅವಳು ಔಷಧಿ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಮಾತ್ರೆ ಎಣಿಸಿ ಪೆಟ್ಟಿಗೆಗೆ ತುಂಬಿದವಳು. ಯಂತ್ರ ತಪ್ಪಿದರೂ ಅವಳ ಬೆರಳು ತಪ್ಪುವುದಿಲ್ಲ ಎಂದೇ ಅಲ್ಲಿನವರು ಲೆಕ್ಕದಕ್ಕ ಎಂದು ಹೆಸರಿಟ್ಟಿದ್ದರು. ಅವಳ ತಾಯಿಯೂ ಲೆಕ್ಕದಲ್ಲಿ ಗಟ್ಟಿಗಿತ್ತಿಯೇ. ಕೊನೆಗಾಲದಲ್ಲಿ ಮಾತ್ರ ಹತ್ತರ ತನಕ ಎಣಿಸಲಾಗದೆ, ಹೆತ್ತ ಮಗಳನ್ನೇ 'ನೀನು ಯಾರಮ್ಮ' ಎಂದು ಕೇಳುವ ಹಾಗಾಗಿದ್ದಳು. ಅದು ಶುರುವಾದದ್ದೂ ಇಂಥ ಚಿಲ್ಲರೆ ತಪ್ಪುಗಳಿಂದಲೇ.

ಮಗಳು ಈಗ ಎಂಟು ತಿಂಗಳ ಬಸುರಿ. ಹೆರಿಗೆಯಾಗಿ ಮೂರು ತಿಂಗಳಿಗೆ ಅವಳು ಕೆಲಸಕ್ಕೆ ಮರಳಬೇಕು. ಆಮೇಲೆ ಹಗಲೆಲ್ಲ ಮಗು ಅಜ್ಜಿಯ ಮಡಿಲಲ್ಲಿ ಎಂಬ ಮಾತಾಗಿತ್ತು. ಆ ಮಾತನ್ನೇ ನಂಬಿಕೊಂಡು ಲೆಕ್ಕದಕ್ಕ ತನ್ನ ಬಾಡಿಗೆ ಮನೆ ಬಿಟ್ಟು ಮಗಳ ಮನೆಗೆ ಬಂದಿದ್ದಳು. ಬಂದ ವಾರವೇ ಹಾಲು ಒಲೆಯ ಮೇಲಿಟ್ಟು ಮರೆತು, ಪಾತ್ರೆ ಸುಟ್ಟು ಕರಕಲಾಯಿತು. "ಹಿಂಗಾದ್ರೆ ಮಗೂನ ಶಿಶುವಿಹಾರಕ್ಕೇ ಹಾಕ್ಬೇಕಾಗುತ್ತಮ್ಮ," ಎಂದಿದ್ದಳು ಮಗಳು. ನಗುತ್ತಲೇ ಅಂದದ್ದು. ಆದರೆ ನಗುತ್ತ ಅಂದ ಮಾತು ಸುಳ್ಳೇ ಆಗಿರಬೇಕೆಂದೇನೂ ಇಲ್ಲವಲ್ಲ.

ಹಾಗಾಗಿ ಕುಣಿಕೆಯ ವಿಷಯ ಅವಳು ಬಾಯಿಬಿಡಲಿಲ್ಲ. ತನ್ನ ತಲೆಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳತೊಡಗಿದಳು. ಮೆಟ್ಟಿಲು ಎಣಿಸಿದಳು, ಮಗ್ಗಿ ಹೇಳಿಕೊಂಡಳು, ವಾರ ತಾರೀಕು ಸರಿಯಾಗಿ ನೆನಪಿದೆಯೇ ಎಂದು ಮಗಳನ್ನು ಕೇಳಿ ಖಾತ್ರಿ ಮಾಡಿಕೊಂಡಳು.

"ಅಮ್ಮ, ಇವತ್ತು ಯಾವ ವಾರ ಅಂತ ಬೆಳಗಿಂದ ಮೂರು ಸಲ ಕೇಳಿದೀಯ," ಎಂದಳು ಮಗಳು.

"ಸುಮ್ನೆ ಕೇಳ್ದೆ."

"ಮೂರು ಸಲಾನೂ ಸುಮ್ನೆನಾ?"

ಮಗಳು ತನ್ನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದಳು ಎಂದು ಲೆಕ್ಕದಕ್ಕನಿಗೆ ಅನ್ನಿಸಿತು. ಮದ್ದೇ ರೋಗವಾಗುತ್ತಿದೆಯಲ್ಲ ಎಂದುಕೊಂಡಳು.

ಮನೆಯಲ್ಲಿದ್ದ ಇನ್ನೊಬ್ಬಳು ಬೀಗಿತ್ತಿ, ಅಳಿಯನ ತಾಯಿ. ಬಟ್ಟೆಗೆ ರಫೂ ಮಾಡುವುದು ಅವಳ ಕಸುಬು. ಹರಿದ ಕೋಟು, ಇಲಿ ಕಡಿದ ಶಾಲು ತಂದುಕೊಟ್ಟರೆ ಎಳೆಗೆ ಎಳೆ ಕೂಡಿಸಿ, ಎಲ್ಲಿ ಹರಿದಿತ್ತೆಂದು ಕೊಟ್ಟವರಿಗೇ ಗೊತ್ತಾಗದ ಹಾಗೆ ಮಾಡಿಕೊಡುತ್ತಿದ್ದಳು. ಮಾತು ಕಡಿಮೆ. ಅವಳ ಎದುರು ಕ್ರೋಶಾ ಹಿಡಿಯಲು ಲೆಕ್ಕದಕ್ಕನಿಗೆ ಮೊದಮೊದಲು ನಾಚಿಕೆಯಾಗಿತ್ತು. ಕಡ್ಡಿ ಹಿಡಿಯುವುದನ್ನು ಕಲಿತದ್ದೇ ಕಳೆದ ತಿಂಗಳು, ಪಕ್ಕದ ಮನೆಯವಳಿಂದ. "ಚೆನ್ನಾಗಿ ಬರ್ತಿದೆ," ಎಂದಷ್ಟೇ ಹೇಳಿ ಬೀಗಿತ್ತಿ ತನ್ನ ಸೂಜಿಗೆ ತಲೆಬಾಗಿಸಿದ್ದಳು.

ಮಗಳ ಕಾಲು ಊದುತ್ತಿದ್ದುದರಿಂದ ದಿನವೂ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಅಂದೂ ಐದಕ್ಕೆ ಲೆಕ್ಕದಕ್ಕ ಕುಣಿಕೆ ಎಣಿಸಿ, ತೊಂಬತ್ತೆರಡು ಎಂದು ಬರೆದು, ಹೊದಿಕೆ ಮಡಚಿಟ್ಟು ಮಗಳ ಜೊತೆ ಹೊರಟಳು. ಬೀದಿಯ ತಿರುವು ದಾಟುವಷ್ಟರಲ್ಲಿ ಮಗಳ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಬೇರೆ ಜೋಡು ತರೋಣವೆಂದು ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಲೆಕ್ಕದಕ್ಕ ಒಬ್ಬಳೇ ವಾಪಸು ಬಂದಳು.

ಬಾಗಿಲು ತೆರೆದರೆ, ಕಿಟಕಿಯ ಪಕ್ಕದಲ್ಲಿ ಬೀಗಿತ್ತಿ. ಅವಳ ತೊಡೆಯ ಮೇಲೆ ಹಳದಿ ಹೊದಿಕೆ. ನೂಲಿನ ತುದಿ ಹಿಡಿದು ಎಳೆಯುತ್ತಿದ್ದಾಳೆ. ಲೆಕ್ಕದಕ್ಕನ ಮಧ್ಯಾಹ್ನದ ಕೆಲಸವೆಲ್ಲ ಸರಸರನೆ ಬಿಚ್ಚಿಕೊಂಡು, ಜಡೆ ಬಿಚ್ಚಿದ ಕೂದಲಿನಂತೆ ಅಲೆಅಲೆಯಾಗಿ ನೆಲಕ್ಕೆ ಬೀಳುತ್ತಿದೆ.



"ನೀವಾ?" ಎಂದಳು ಲೆಕ್ಕದಕ್ಕ.

"ಸಾಲಿನ ಕೊನೇ ಕುಣಿಕೆ ಬಿಟ್ಟುಬಿಡ್ತೀರಿ ನೀವು. ಪ್ರತಿ ಸಾಲಲ್ಲೂ. ಅಂಚಿಗೆ ಅಂಟ್ಕೊಂಡು ಕೂತಿರುತ್ತೆ, ಕಣ್ಣಿಗೆ ಬೀಳಲ್ಲ. ಹಂಗೇ ಬಿಟ್ರೆ ಹೊದಿಕೆ ತ್ರಿಕೋನ ಆಗಿಬಿಡ್ತಿತ್ತು. ಅದಕ್ಕೇ ನೀವು ಹೊರಗೆ ಹೋದಾಗ ಬಿಚ್ಚಿ ಮತ್ತೆ ಹೆಣೆದಿಡ್ತಿದ್ದೆ."

"ಹೇಳ್ಬಾರ್ದಿತ್ತಾ?"

ಬೀಗಿತ್ತಿ ನಿಜವಾಗಿಯೂ ಬೆರಗಾದವಳಂತೆ ನೋಡಿದಳು. "ಹೇಳೋದಾ? ನಲವತ್ತು ವರ್ಷ ಇದೇ ಕೆಲಸ ಮಾಡಿದೀನಿ. ಗೊತ್ತಾಗದ ಹಾಗೆ ಸರಿಮಾಡಿದ್ರೇನೇ ಅದು ಸರಿಮಾಡಿದ ಹಾಗೆ. ಬೀಗಿತ್ತಿಗೆ ಬುದ್ಧಿ ಹೇಳಿದಳು ಅನ್ನೋ ಮಾತು ಬೇರೆ ಯಾಕೆ ಬೇಕು?"

ಲೆಕ್ಕದಕ್ಕ ಅಲ್ಲೇ ಕುರ್ಚಿಯಲ್ಲಿ ಕುಸಿದಳು. ಸಿಟ್ಟು ಬರಬೇಕಿತ್ತು, ಬಂದದ್ದು ಅಳು. "ನಂಗೆ ನಮ್ಮಮ್ಮನ ಕಾಯಿಲೆ ಶುರುವಾಯ್ತು ಅಂದ್ಕೊಂಡೆ. ಹದಿನೈದು ದಿನದಿಂದ ನಿದ್ದೆ ಇಲ್ಲ. ಮಗೂನ ನನ್ನ ಕೈಗೆ ಕೊಡಲ್ಲ ಅಂತ."

ಬೀಗಿತ್ತಿಯ ಕೈಯಲ್ಲಿದ್ದ ನೂಲು ಜಾರಿತು. "ಅಯ್ಯೋ, ನಾನು ಹಾಗೆ ಯೋಚನೆನೇ ಮಾಡ್ಲಿಲ್ಲವಲ್ಲ ಅಕ್ಕ."

ಲೆಕ್ಕದಕ್ಕ ಮೂಗೊರೆಸಿಕೊಂಡು ಕ್ಯಾಲೆಂಡರು ತೆಗೆದಳು. ಎಲ್ಲ ತಾಳೆಯಾಗುತ್ತಿತ್ತು. "ಭಾನುವಾರ ತೊಂಬತ್ತೆರಡು. ಸೋಮವಾರ ನೋಡಿದ್ರೆ ತೊಂಬತ್ತಾರು."

"ಭಾನುವಾರ ನಾನು ಮುಟ್ಟಿಲ್ಲ. ಸೊಂಟ ಹಿಡ್ಕೊಂಡು ಮಲಗಿದ್ದೆ."

"ಹಾಗಾದ್ರೆ?"

"ಮುಟ್ಟಿಲ್ಲ ಅಂತಲೇ ಕಾಣುತ್ತೆ. ಮುಟ್ಟಿದ್ನಾ?" ಬೀಗಿತ್ತಿ ಸೂರು ನೋಡಿದಳು. "ಸೊಂಟ ಹಿಡಿದಿದ್ದು ಶನಿವಾರವೋ ಏನೋ."

ಅಷ್ಟರಲ್ಲಿ ಕಾದು ಕಾದು ಸಾಕಾದ ಮಗಳು ಬರಿಗಾಲಲ್ಲೇ ಏದುಸಿರು ಬಿಡುತ್ತ ಒಳಗೆ ಬಂದಳು. ನೆಲದ ಮೇಲಿನ ನೂಲು, ಅತ್ತೆಯ ಪೆಚ್ಚುಮುಖ, ಅಮ್ಮನ ಕೆಂಪು ಕಣ್ಣು ನೋಡಿ, "ಜಗಳನಾ?" ಎಂದಳು. ಇಬ್ಬರೂ ಒಟ್ಟಿಗೇ ಹೇಳಲು ಹೋಗಿ ಮತ್ತಷ್ಟು ಗೋಜಲಾಯಿತು. ಕೊನೆಗೆ ಬಿಚ್ಚದೆ ಉಳಿದಿದ್ದ ಸಾಲನ್ನು ಮೂವರೂ ಎಣಿಸುವುದೆಂದಾಯಿತು. ಲೆಕ್ಕದಕ್ಕನಿಗೆ ತೊಂಬತ್ತಾರು ಬಂತು. ಯಾವತ್ತೂ ಎಣಿಸದೆ ಕಣ್ಣಳತೆಯಲ್ಲೇ ಬದುಕಿದ ಬೀಗಿತ್ತಿಗೆ ತೊಂಬತ್ತೈದು. ಮಗಳಿಗೆ ತೊಂಬತ್ತೇಳು, ಅವಳು ನೂಲಿನ ತುದಿಯ ಬಿಡಿ ಕುಣಿಕೆಯನ್ನೂ ಎಣಿಸಿರಬೇಕು.

"ಸರಿಹೋಯ್ತು," ಎಂದು ಮಗಳು ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಕೂತಳು.

ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾಗುವುದಿಲ್ಲ ಎನ್ನಿಸಿತು ಲೆಕ್ಕದಕ್ಕನಿಗೆ. "ನಂಗೆ ಮರೆವು ಬಂದಿದೆಯೋ ಇಲ್ವೋ ನಂಗೇ ಗೊತ್ತಿಲ್ಲ ಕಣೆ. ಆದರೂ ಮಗೂನ ನನ್ನ ಹತ್ರ ಬಿಡ್ತೀಯಾ?"

ಮಗಳು ಅಮ್ಮನ ಕೈಯಿಂದ ಕ್ಯಾಲೆಂಡರು ತೆಗೆದು ಪಕ್ಕಕ್ಕಿಟ್ಟಳು. "ಬಿಡ್ತೀನಿ. ಡಾಕ್ಟರು ಒಂದೇ ಮಗು ಅಂದಿದಾರೆ ಅಮ್ಮ. ಒಂದರ ತನಕ ಎಣಿಸೋಕೆ ಬರುತ್ತಲ್ಲ?" ಎಂದಳು. ಆಮೇಲೆ ಮೆಲ್ಲಗೆ, "ಅನುಮಾನ ಬಂದ್ರೆ ನನಗೆ ಹೇಳು. ಮುಚ್ಚಿಡಬೇಡ," ಎಂದು ಸೇರಿಸಿದಳು.

ಬೀಗಿತ್ತಿ ಕುರ್ಚಿ ಎಳೆದು ಪಕ್ಕದಲ್ಲಿ ಕೂತು, ಕಡ್ಡಿಯನ್ನು ಲೆಕ್ಕದಕ್ಕನ ಕೈಗಿಟ್ಟಳು. ಸಾಲಿನ ತುದಿ ಬಂದಾಗ ಬೆರಳಿನಿಂದ ಅಂಚನ್ನು ಹಿಗ್ಗಿಸಿ ತೋರಿಸಿದಳು. "ಇಲ್ಲಿ, ನೋಡಿ." ನಿಜವಾಗಿಯೂ ಅಲ್ಲೊಂದು ಕುಣಿಕೆಯಿತ್ತು. ಲೆಕ್ಕದಕ್ಕ ಅದರೊಳಗೆ ಕಡ್ಡಿ ತೂರಿಸಿದಳು. ಇವಳಿಗೆ ಕೃತಜ್ಞಳಾಗಬೇಕೋ, ಹದಿನೈದು ದಿನದ ನಿದ್ದೆ ವಾಪಸು ಕೊಡು ಎಂದು ಜಗಳ ತೆಗೆಯಬೇಕೋ ತಿಳಿಯಲಿಲ್ಲ. ಭಾನುವಾರದ ಆ ನಾಲ್ಕು ಕುಣಿಕೆ ಯಾರವು ಎನ್ನುವುದೂ ತಿಳಿಯಲಿಲ್ಲ.